ಅಟ್ಟ ಬರಿದು ಮಾಡುವವರಿಗೆ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣದ ಮನೆಗಳಿಗೆ ಹೊಸದೊಂದು ವ್ರತ ಬಂದಿದೆ. ಇದಕ್ಕೆ ತಿಥಿ ನಕ್ಷತ್ರಗಳ ಕಟ್ಟಿಲ್ಲ. ರಜದ ದಿನವಾದರೆ ಸಾಕು. ಬೆಳಗಿನ ಕಾಫಿ ಮುಗಿದೊಡನೆ ಯಜಮಾನರು ಏಣಿ ಹತ್ತಿ ಅಟ್ಟದ ಗಂಟುಗಳನ್ನು ಕೆಳಕ್ಕೆ ಉರುಳಿಸುತ್ತಾರೆ. ಮನೆಯಾಕೆ ಬೀರು ತೆರೆದು ಸೀರೆಗಳ ರಾಶಿ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಬಳಿ ಒಂದು ಗುಡ್ಡ. ಸಂಜೆಗೆ ಅದು ಮಾಯ. ರಾತ್ರಿ, ಬರಿದಾದ ಅಟ್ಟದ ಚಿತ್ರ ನೆಂಟರಿಷ್ಟರ ಫೋನುಗಳಿಗೆಲ್ಲ ಹೋಗುತ್ತದೆ. ‘ಆರು ತಿಂಗಳು ಮುಟ್ಟದ ವಸ್ತು ಮನೆಯಲ್ಲಿರಬಾರದು’ ಎಂಬುದೇ ಈ ವ್ರತದ ಮೂಲಮಂತ್ರ.

ಈ ಮಂತ್ರದ ಮೇಲೆ ನನ್ನ ತಕರಾರಿದೆ. ಮನೆಯನ್ನು ಹಗುರ ಮಾಡಿಕೊಳ್ಳಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಸಾಡುವುದಕ್ಕೇ ಶುಚಿತ್ವವೆಂದು ಹೆಸರಿಡುವುದು ತಪ್ಪು ಎಂಬುದು ನನ್ನ ವಾದ.

ಎದುರು ಪಕ್ಷದವರ ಬಲವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ಇರಲಿ, ಬೇಕಾದೀತು’ ಎಂಬ ಎರಡು ಮಾತುಗಳಿಂದ ನಾವು ಮನೆಗಳನ್ನು ಉಗ್ರಾಣ ಮಾಡಿಕೊಂಡಿರುವುದು ನಿಜ. ನಮ್ಮ ಮನೆಯನ್ನೇ ನೋಡಿ: ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು, ಯಾವ ಬೀಗಕ್ಕೂ ಸೇರದ ಬೀಗದಕೈಗಳ ಗೊಂಚಲು, ಯಾರದೋ ಮದುವೆಯಲ್ಲಿ ಕೊಟ್ಟು ಇನ್ನೂ ಕಾಗದ ಬಿಚ್ಚದ ಸ್ಟೀಲ್ ತಟ್ಟೆಗಳು, ನಿಂತುಹೋದ ಗಡಿಯಾರ. ಇಪ್ಪತ್ತು ಜನರ ಮನೆಗೆ ಹಂಡೆ ಕೊಪ್ಪರಿಗೆಗಳು ಬೇಕಾಗಿದ್ದುವು. ಅವನ್ನಿಡಲು ಅಟ್ಟವೂ ಇತ್ತು, ಹಿತ್ತಿಲೂ ಇತ್ತು. ಎರಡು ಕೋಣೆಯ ಫ್ಲಾಟಿನಲ್ಲಿ ನಾಲ್ಕು ಜನ ಇರುವಾಗ ಹಂಡೆಗೆ ಜಾಗ ಬಿಟ್ಟರೆ ಮಗುವಿಗೆ ಆಡಲು ಜಾಗವಿಲ್ಲ. ಆದ್ದರಿಂದ ಕಾಯಿಲೆ ನಿಜ. ನನ್ನ ಜಗಳ ಔಷಧದ ಮೇಲೆ.

ಈ ಔಷಧಕ್ಕೆ ಇಂದು ಲೋಕಪ್ರಸಿದ್ಧಿಯನ್ನು ತಂದವರು ಜಪಾನಿನ ಮೇರಿ ಕೊಂಡೊ. ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ದೇಶದೇಶಗಳಲ್ಲಿ ಮಾರಾಟವಾಯಿತು. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಅದು ಮನಸ್ಸಿಗೆ ಸಂತೋಷ ಕೊಟ್ಟರೆ ಇಟ್ಟುಕೊಳ್ಳಬೇಕು. ಇಲ್ಲವಾದರೆ ಅದಕ್ಕೊಂದು ಕೃತಜ್ಞತೆ ಹೇಳಿ ಕಳುಹಿಸಬೇಕು ಎಂಬುದು ಆಕೆಯ ವಿಧಾನ. ನೆನಪಿಗೆ ಸೇರಿದ ವಸ್ತುಗಳನ್ನು ಕಟ್ಟಕಡೆಗೆ ಮುಟ್ಟಬೇಕೆಂದೂ ಆಕೆ ಎಚ್ಚರಿಸಿದ್ದಾರೆ. ನಮ್ಮಲ್ಲಿ ಆಕೆಯನ್ನು ಅನುಸರಿಸುವವರು ಸಂತೋಷದ ಮಾತನ್ನೂ ಕೃತಜ್ಞತೆಯ ಮಾತನ್ನೂ ಈ ಎಚ್ಚರಿಕೆಯನ್ನೂ ಮರೆತು, ಕಳುಹಿಸುವ ಮಾತೊಂದನ್ನೇ ಬಾಯಿಪಾಠ ಮಾಡಿದ್ದಾರೆ. ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಬಿಸಾಡುವುದೇ ಮೂಲಸೂತ್ರವೆಂದು ಆಕೆಯೇ ಬರೆದಿದ್ದಾರೆ. ಅಲ್ಲಿ ನನಗೂ ಆಕೆಗೂ ನೇರ ವಿರೋಧ. ಮೂರನೆಯ ಮಗುವಾದ ಮೇಲೆ ಮನೆಯನ್ನು ಮೊದಲಿನಷ್ಟು ಒಪ್ಪವಾಗಿಡುವುದನ್ನು ಬಿಟ್ಟುಕೊಟ್ಟಿದ್ದೇನೆಂದು 2023ರಲ್ಲಿ ಆಕೆ ಪತ್ರಿಕೆಯವರಿಗೆ ಹೇಳಿದರು. ಗುರುಗಳು ವ್ರತ ಸಡಿಲಿಸಿದರೂ ಶಿಷ್ಯರು ಸಡಿಲಿಸಿದಂತೆ ಕಾಣುವುದಿಲ್ಲ.

ನಾನು ಸುಮ್ಮನೆ ತರ್ಕಕ್ಕಾಗಿ ಹೀಗೆ ಹೇಳುತ್ತಿಲ್ಲ. ನಾನೂ ಈ ವ್ರತ ಹಿಡಿದವನೇ. ತಂದೆಯವರು ತೀರಿಕೊಂಡ ಮರುವರ್ಷ, ಒಂದು ಭಾನುವಾರ ಅಟ್ಟ ಹತ್ತಿದೆ. ಅಲ್ಲೊಂದು ತಗಡಿನ ಟ್ರಂಕು, ತುಂಬ ಕಾಗದ. ಮೇಲಿನ ನಾಲ್ಕು ಕಟ್ಟು ಬಿಚ್ಚಿ ನೋಡಿದೆ: ಕರೆಂಟಿನ ಬಿಲ್ಲು, ಕಂದಾಯದ ರಸೀದಿ, ಲಗ್ನಪತ್ರಿಕೆ, ಹಳೆಯ ಪಂಚಾಂಗ. ಐದನೆಯ ಕಟ್ಟನ್ನು ಬಿಚ್ಚುವ ತಾಳ್ಮೆ ನನಗಿರಲಿಲ್ಲ. ಗುಜರಿಯವನು ತೂಕ ಹಾಕಿ ಇನ್ನೂರ ಮೂವತ್ತು ರೂಪಾಯಿ ಕೊಟ್ಟ. ಟ್ರಂಕನ್ನೂ ಅವನಿಗೇ ಕೊಟ್ಟು ಗೆದ್ದೆನೆಂದುಕೊಂಡೆ.

ಮೂರು ವಾರದ ಮೇಲೆ ಸೋದರತ್ತೆ ಊರಿನಿಂದ ಫೋನು ಮಾಡಿದರು. “ಅಮ್ಮನ ಹಾಡಿನ ಪುಸ್ತಕ ನಿಮ್ಮಪ್ಪನ ಟ್ರಂಕಿನಲ್ಲಿದೆಯಲ್ಲೋ, ಬರುವಾಗ ತಗೊಂಡು ಬಾ. ಮೊಮ್ಮಗಳ ಮದುವೆಗೆ ಬೀಗರ ಹಾಡು ಬೇಕು” ಎಂದರು. ನಮ್ಮಜ್ಜಿ ಆರತಿಯ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಗೇಲಿಮಾಡುವ ಹಾಡುಗಳನ್ನು ಕೈಯಾರೆ ಬರೆದಿಟ್ಟಿದ್ದ ಪುಸ್ತಕ ಅದು. ನಾನು ಗುಜರಿ ಅಂಗಡಿಗೆ ಓಡಿದೆ. ಕಾಗದವೆಲ್ಲ ಗಿರಣಿಗೆ ಹೋಗಿ ಎರಡು ವಾರವಾಗಿತ್ತು. ಅತ್ತೆಗೆ ನಿಜ ಹೇಳಿದೆ. “ಹೋಗಲಿ ಬಿಡು, ನಿನಗೇನು ಗೊತ್ತು” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆರು ತಿಂಗಳ ಲೆಕ್ಕ ಎಷ್ಟು ಪೊಳ್ಳೆಂಬುದು ನನಗೆ ಆಗ ತಿಳಿಯಿತು. ಹಾಡಿನ ಪುಸ್ತಕವನ್ನು ಹತ್ತು ವರ್ಷಕ್ಕೊಮ್ಮೆ ಮುಟ್ಟುತ್ತಾರೆ. ಮನೆಯ ಕ್ರಯಪತ್ರವನ್ನು ಇಪ್ಪತ್ತು ವರ್ಷಕ್ಕೊಮ್ಮೆ. ಕೈ ಎಷ್ಟು ಸಲ ಮುಟ್ಟಿತೆಂಬುದರಿಂದ ವಸ್ತುವಿನ ಬೆಲೆ ಕಟ್ಟುವುದಾದರೆ ಮನೆಯಲ್ಲಿ ಫೋನಿಗಿಂತ ಪೂಜ್ಯವಾದದ್ದು ಬೇರೊಂದಿಲ್ಲ.

ನನ್ನ ಮನೆಯ ಸಣ್ಣ ಕಥೆ ಬಿಡಿ. ನಾಡಿನ ದೊಡ್ಡ ಕಥೆಯೊಂದು ನಮ್ಮ ಮೈಸೂರಿನಲ್ಲೇ ಇದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಎಷ್ಟೋ ಶತಮಾನ ಹೆಸರಿನಲ್ಲಷ್ಟೇ ಉಳಿದಿದ್ದ ಗ್ರಂಥ ಲೋಕಕ್ಕೆ ಮರಳಿ ಸಿಕ್ಕಿತು. ಆ ಓಲೆಗಳು ಇದ್ದ ಮನೆಯಲ್ಲಿ ಯಾರಾದರೊಬ್ಬರು ಆರು ತಿಂಗಳ ಮಂತ್ರ ಜಪಿಸಿದ್ದರೆ ಏನಾಗುತ್ತಿತ್ತು? ಬಚ್ಚಲೊಲೆಗೆ ಒಂದು ದಿನದ ಉರಿ. ಪ್ರತಿ ಅಟ್ಟದಲ್ಲೂ ಅರ್ಥಶಾಸ್ತ್ರವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಬಿಚ್ಚಿ ನೋಡದ ಕಟ್ಟಿನಲ್ಲಿ ಏನಿದೆಯೆಂದು ಬಿಸಾಡುವವನಿಗೂ ಗೊತ್ತಿರುವುದಿಲ್ಲ. ಆ ಪಂಡಿತರು ಓಲೆಗಳನ್ನು ಮನೆಯಲ್ಲೇ ಕೂಡಿಟ್ಟು ಗೆದ್ದಲಿಗೆ ಬಿಡಲಿಲ್ಲ, ಬಿಸಾಡಲೂ ಇಲ್ಲ. ಓದಬಲ್ಲವರ ಕೈಗೆ ಮುಟ್ಟಿಸಿದರು. ನಾನು ಹೇಳಹೊರಟ ಮಾತೆಲ್ಲ ಈ ಒಂದು ಕೆಲಸದಲ್ಲಿದೆ.

ಇನ್ನು, ಗೇಟಿನ ಬಳಿಯ ಗುಡ್ಡ ಸಂಜೆಗೆ ಮಾಯವಾಯಿತೆಂದೆನಲ್ಲ, ಮಾಯವಾಗಿ ಎಲ್ಲಿ ಹೋಯಿತು? ಬೆಂಗಳೂರಿನವರು ಇದನ್ನು ಕೇಳಿಕೊಳ್ಳಲೇಬೇಕು. ನಮ್ಮ ಮನೆಗಳು ಹಗುರವಾದಂತೆಲ್ಲ ಮಾವಳ್ಳಿಪುರ, ಮಂಡೂರುಗಳು ಭಾರವಾದುವು. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಾಗ ನಗರದ ಬೀದಿಬೀದಿಯಲ್ಲಿ ರಾಶಿ ಬಿದ್ದು ನಾತ ಹೊಡೆಯಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಆ ಊರಿನ ಜನ ಲಾರಿಗಳನ್ನು ತಡೆದು ನಿಂತರು. ನಾವು ‘ಆಚೆ ಹಾಕಿದೆ’ ಎನ್ನುವ ಆ ಆಚೆಯಲ್ಲಿ ಒಂದು ಊರಿತ್ತು, ಬಾವಿಯಿತ್ತು, ನಮ್ಮ ಮಕ್ಕಳಂತೆಯೇ ಮಕ್ಕಳಿದ್ದರು. ನಮ್ಮ ಅಟ್ಟವನ್ನು ಅವರ ಅಂಗಳಕ್ಕೆ ಸಾಗಿಸಿ ಅದಕ್ಕೆ ಮನಶ್ಶಾಂತಿಯೆಂದು ಹೆಸರಿಡುವುದು ಯಾವ ಧರ್ಮ?

ಬರಿದಾದ ಜಾಗವಾದರೂ ಬರಿದಾಗಿ ಉಳಿಯುತ್ತದೆಯೆ? ಆರು ತಿಂಗಳ ಸೂತ್ರ ಹಿಡಿದವನು ಏಪ್ರಿಲಿನಲ್ಲಿ ಕೊಡೆ ಬಿಸಾಡಿ ಜೂನಿನಲ್ಲಿ ಹೊಸ ಕೊಡೆ ಕೊಳ್ಳಬೇಕು. ಅಟ್ಟ ಬರಿದಾದ ಮರುವಾರವೇ ರಟ್ಟಿನ ಪೆಟ್ಟಿಗೆ ಹೊತ್ತ ಹುಡುಗ ಬಾಗಿಲು ತಟ್ಟುತ್ತಾನೆ. ಬಿಸಾಡುವುದು ಸುಲಭವಾದಷ್ಟೂ ಕೊಳ್ಳುವುದು ಸುಲಭ. ಅಂಗಡಿಯವನಿಗೆ ಇದಕ್ಕಿಂತ ಅನುಕೂಲವಾದ ವ್ರತ ಬೇರೆ ಯಾವುದು?

‘ಹಾಗಾದರೆ ಏನು ಮಾಡಬೇಕು?’ ಎಂದು ಕೇಳುವ ಹಕ್ಕು ಓದುಗರಿಗಿದೆ. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ಮೊದಲು ಅಟ್ಟವನ್ನು ಬಿಟ್ಟು ಬಾಗಿಲನ್ನು ನೋಡಿ. ಕೊಳ್ಳಬೇಕೆನಿಸಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಒಂದು ತಿಂಗಳು ಕಾಯಿರಿ. ನಮ್ಮ ಮನೆಯಲ್ಲಿ ಬರೆದದ್ದರಲ್ಲಿ ಅರ್ಧವನ್ನು ನಾವೇ ಹೊಡೆದುಹಾಕಿದ್ದೇವೆ. ಎರಡನೆಯದಾಗಿ, ಒಂದೇ ದಿನದಲ್ಲಿ ಮನೆಯನ್ನೆಲ್ಲ ಕಿತ್ತುಹಾಕಬೇಡಿ. ವಾರಕ್ಕೊಂದು ಗೂಡು ಸಾಕು. ಅಡಿಗೆಮನೆಯಿಂದ ಆರಂಭಿಸಿ, ಅಲ್ಲಿ ತಪ್ಪಾದರೂ ಹೋಗುವುದು ಒಂದು ಸೌಟು. ದಣಿದ ಕೈ ಐದನೆಯ ಕಟ್ಟನ್ನು ಬಿಚ್ಚುವುದಿಲ್ಲ.

ಮೂರನೆಯದು ಕಾಗದ. ದಾಖಲೆ, ಕೈಬರಹ, ಉಳಿದದ್ದು ಎಂದು ಮೂರು ಪಾಲು ಮಾಡಿ. ಉಳಿದದ್ದು ಗುಜರಿಗೆ ಹೋಗಲಿ. ಕೈಬರಹದ ಒಂದು ಹಾಳೆಯೂ ಓದದೆ ಹೊರಗೆ ಹೋಗಕೂಡದು. ಹಳೆಯ ಫೋಟೋಗಳ ಹಿಂದೆ ಸೀಸದ ಕಡ್ಡಿಯಿಂದ ಇರುವವರ ಹೆಸರು ಬರೆಯಿರಿ; ಹೆಸರಿಲ್ಲದ ಮುಖವನ್ನೇ ಮುಂದಿನವರು ಬಿಸಾಡುವುದು.

ನಾಲ್ಕನೆಯದು, ಹೊರಗೆ ಹೋಗುವ ಪ್ರತಿ ವಸ್ತುವಿಗೂ ಇನ್ನೊಂದು ಕೈ ಗೊತ್ತುಮಾಡಿ. ನವೆದ ನೂಲಿನ ಸೀರೆಗಳನ್ನು ಪದರಪದರವಾಗಿ ಸೇರಿಸಿ ಉತ್ತರ ಕರ್ನಾಟಕದ ಹೆಂಗಸರು ಹೊಲಿಯುವ ಕೌದಿಗಿಂತ ಬೆಚ್ಚನೆಯ ಹೊದಿಕೆ ನನಗೆ ಗೊತ್ತಿಲ್ಲ. ತಾಮ್ರ ಹಿತ್ತಾಳೆಗಳನ್ನು ಪಾತ್ರೆ ಅಂಗಡಿಯವರು ತೂಕಕ್ಕೆ ಕೊಳ್ಳುತ್ತಾರೆ. ಬಟ್ಟೆ ಕೊಡುವಾಗ ಒಗೆದು, ಗುಂಡಿ ಹೊಲಿದು ಕೊಡಿ. ಹರಿದದ್ದನ್ನು ಕೊಡುವುದು ದಾನವಲ್ಲ, ಕಸ ಸಾಗಿಸುವ ಉಪಾಯ. ಕೆಟ್ಟ ಫೋನು, ಬ್ಯಾಟರಿಗಳನ್ನು ಉಳಿದ ಕಸದೊಡನೆ ಬೆರೆಸದೆ, ಅವನ್ನು ಬೇರೆಯಾಗಿ ತೆಗೆದುಕೊಳ್ಳುವ ಕಡೆಗೇ ಒಯ್ದುಕೊಡಿ. ಪುಸ್ತಕಗಳನ್ನು ಗ್ರಂಥಾಲಯದವರನ್ನು ಕೇಳಿ ಕೊಡಿ. ಕೇಳದೆ ಅವರ ಬಾಗಿಲಲ್ಲಿ ಸುರಿಯಬೇಡಿ. ಏಣಿ, ಡ್ರಿಲ್ಲು, ದೊಡ್ಡ ಪಾತ್ರೆಗಳು ಕಟ್ಟಡಕ್ಕೆ ಒಂದೊಂದಿದ್ದರೆ ಸಾಲದೆ? ಮನೆಮನೆಗೂ ಏಕೆ?

ಇಷ್ಟಕ್ಕೆಲ್ಲ ಸಮಯವೆಲ್ಲಿ ಎನ್ನುವಿರಿ. ತರುವುದಕ್ಕೆ ಸಮಯವಿದ್ದವರು ಕಳುಹಿಸುವುದಕ್ಕೂ ಸಮಯ ಮಾಡಿಕೊಳ್ಳಬೇಕು. ಅತ್ತೆಗೆ ಈಗ ಎಂಬತ್ತೆರಡು. ಊರಿಗೆ ಹೋದಾಗಲೆಲ್ಲ ಅವರು ನೆನಪಿನಿಂದ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇದುವರೆಗೆ ಹನ್ನೊಂದು ಹಾಡು ಸಿಕ್ಕಿವೆ. ಅವುಗಳಲ್ಲಿ ನಾಲ್ಕು ಅರ್ಧಕ್ಕೇ ನಿಂತಿವೆ. ಬರುವ ಭಾನುವಾರ ನೀವು ಏಣಿ ಹತ್ತುವುದಾದರೆ ಹತ್ತಿ. ಆದರೆ ಮನೆಯ ಹಿರಿಯರೊಬ್ಬರನ್ನು ಕೆಳಗೆ ಕುರ್ಚಿ ಹಾಕಿ ಕೂರಿಸಿಕೊಂಡು ಹತ್ತಿ. ಒಂದೊಂದು ಕಟ್ಟನ್ನೂ ಅವರ ಕೈಗೆ ಕೊಟ್ಟು ‘ಇದೇನು?’ ಎಂದು ಕೇಳಿ. ಅವರು ಹೇಳಿದ ಮೇಲೆ, ಬಿಸಾಡುವ ಮಾತು.