ತಕ್ಕಡಿ ಯಾರ ಕೈಯಲ್ಲಿದೆ?

ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ ಎಂಬ ಭಾರಿ ಹೆಸರಿನ ಒಪ್ಪಂದಕ್ಕೆ ಭಾರತವು ಸೇರಬೇಕೆಂಬ ಮಾತು ಆಗಾಗ ತಲೆಯೆತ್ತುತ್ತಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ನಮ್ಮ ಪ್ರಧಾನಿಗಳು ಸೇರುವುದಿಲ್ಲವೆಂದು ಹೇಳಿ ಬಂದರು. ಉಳಿದ 15 ರಾಷ್ಟ್ರಗಳು 2020ರ ನವೆಂಬರಿನಲ್ಲಿ ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂದಿದೆ. ಭಾರತಕ್ಕಾಗಿ ಬಾಗಿಲನ್ನು ತೆರೆದೇ ಇಟ್ಟಿದ್ದಾರೆ. 2024ರ ನವೆಂಬರಿನಲ್ಲಿ ನೀತಿ ಆಯೋಗದ ಮುಖ್ಯಾಧಿಕಾರಿಗಳೇ ನಾವು ಅದರಲ್ಲಿರಬೇಕೆಂದು ಬಹಿರಂಗವಾಗಿ ಹೇಳಿದರು. ಆದುದರಿಂದ ಇದು ಮುಗಿದ ಕಥೆಯೆಂದು ರೈತ ಬಂಧುಗಳು ಸುಮ್ಮನಿರುವಂತಿಲ್ಲ.

ಒಪ್ಪಂದದ ತಿರುಳು ಇಷ್ಟೆ. ಆಗ್ನೇಯ ಏಷ್ಯಾದ ಹತ್ತು ರಾಷ್ಟ್ರಗಳು, ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇವು ಪರಸ್ಪರ ಆಮದು ಸುಂಕವನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ, ಬಹುಪಾಲು ಸರಕುಗಳ ಮೇಲೆ ತೆಗೆದೇ ಹಾಕುವುದು. ಇದರಲ್ಲಿ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಔಷಧ ಕಾರ್ಖಾನೆಗಳಿಗೆ ಹೊರಗಿನ ಮಾರುಕಟ್ಟೆ ಬೇಕು. ಬಿಡಿಭಾಗ ತರಿಸಿ ಯಂತ್ರ ಜೋಡಿಸುವಲ್ಲಿ ಬಿಡಿಭಾಗ ಅಗ್ಗವಾಗಬೇಕು. ಅಲ್ಲಿ ದುಡಿಯುವವನೂ ಕಾರ್ಮಿಕನೇ ತಾನೆ? ಪೇಟೆಯ ಕೂಲಿಯವನ ಮಗುವಿಗೆ ಹಾಲು ಅಗ್ಗವಾದರೆ ಬೇಡವೆನ್ನಲು ನಾವಾರು? ತಕ್ಕಡಿಯ ಈ ತಟ್ಟೆ ಬರಿದಾಗಿದೆಯೆಂದು ಸಾಧಿಸುವುದು ಅಪ್ರಾಮಾಣಿಕತನ.

ಈಗ ಇನ್ನೊಂದು ತಟ್ಟೆಯನ್ನು ನೋಡೋಣ. ನ್ಯೂಜಿಲೆಂಡಿನಲ್ಲಿ ಒಂದು ಹಿಂಡೆಂದರೆ ಸರಾಸರಿ 400ಕ್ಕೂ ಮಿಕ್ಕಿದ ಹಸುಗಳು. ಆ ದೇಶದ ಜನಸಂಖ್ಯೆ ಅರ್ಧ ಕೋಟಿಯ ಸುಮಾರು. ಅವರೆಷ್ಟು ಹಾಲು ಕುಡಿದಾರು? ಕರೆದುದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಪುಡಿಯಾಗಿ, ಬೆಣ್ಣೆಯಾಗಿ ಹೊರದೇಶಕ್ಕೆ ಹೋಗಲೇಬೇಕು. ನಮ್ಮ ಕರ್ನಾಟಕದಲ್ಲಾದರೋ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುತೇಕರ ಕೊಟ್ಟಿಗೆಯಲ್ಲಿರುವುದು ಒಂದೆರಡು ಹಸು. ಮಳೆ ಕೈಕೊಟ್ಟ ವರ್ಷ ಅಂಗಡಿಯ ಬಾಕಿ ತೀರುವುದು, ಮಕ್ಕಳ ಫೀಜು ಕಟ್ಟುವುದು ಡೇರಿಯ ಬಟವಾಡೆಯಿಂದ. ಈ ಇಬ್ಬರನ್ನು ಒಂದೇ ಸಂತೆಯಲ್ಲಿ ಕೂರಿಸಿ ‘ಸ್ಪರ್ಧಿಸಿರಿ’ ಎಂದರೆ ಅದನ್ನು ನ್ಯಾಯವೆನ್ನಬಹುದೆ?

ಅಗ್ಗದ ಹಾಲಿನ ಆಸೆಯೂ ನಿಲ್ಲುವಂಥದಲ್ಲ. ಲೋಕದ ಮಾರುಕಟ್ಟೆಯಲ್ಲಿ 2014ರ ಆರಂಭಕ್ಕೆ ಟನ್ನಿಗೆ ಸುಮಾರು 5,000 ಡಾಲರಿದ್ದ ಹಾಲಿನ ಪುಡಿ 2015ರ ಆಗಸ್ಟಿನಲ್ಲಿ 1,600 ಡಾಲರಿನ ಹತ್ತಿರಕ್ಕೆ ಬಿತ್ತು. ಬೆಲೆ ಬಿದ್ದ ವರ್ಷ ನಮ್ಮವರು ಹಸು ಮಾರುತ್ತಾರೆ. ಬೆಲೆ ಮತ್ತೆ ಏರಿದ ವರ್ಷ ಪೇಟೆಯ ಕೂಲಿಯವನಿಗೆ ಅಗ್ಗದ ಹಾಲೂ ಇಲ್ಲ, ಊರ ಹಾಲೂ ಇಲ್ಲ. ಮಾರಿದ ಹಸು ಮರುದಿನ ಹಟ್ಟಿಗೆ ಬಾರದು.

ಆದರೆ ನಮ್ಮ ಮುಖ್ಯ ಆಕ್ಷೇಪಣೆ ಬೆಲೆಯ ಏರಿಳಿತದ್ದಲ್ಲ, ಕೈ ಕಟ್ಟಿಸಿಕೊಳ್ಳುವುದರದು. 2011ರ ಆಯವ್ಯಯದಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ರಾಮನಗರದಲ್ಲಿ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಬೇಕಾಯಿತು. ಏರಿಸಲು ಹೇಗೆ ಸಾಧ್ಯವಾಯಿತು? ಆ ಸುಂಕ ನಮ್ಮ ಸಂಸತ್ತಿನ ಕೈಯಲ್ಲಿತ್ತು. ಹಾಲಿನ ಪುಡಿಯ ವಿಷಯದಲ್ಲಿ ಹಾಗಿರಲಿಲ್ಲ. ಹಿಂದೆ ಗ್ಯಾಟ್ ಒಪ್ಪಂದದಲ್ಲಿ ಅದರ ಮೇಲೆ ಸುಂಕವನ್ನೇ ಹಾಕುವುದಿಲ್ಲವೆಂದು ನಮ್ಮವರು ಮಾತು ಕೊಟ್ಟಿದ್ದರು. ಆ ಮಾತು ಕುತ್ತಿಗೆಗೆ ಬಂದಾಗ ಪರರಾಷ್ಟ್ರಗಳೊಡನೆ ಮತ್ತೆ ಕುಳಿತು, ಬದಲಿಗೆ ಬೇರೆ ರಿಯಾಯಿತಿಗಳನ್ನು ಕೊಟ್ಟು, ವರ್ಷಕ್ಕೆ 10,000 ಟನ್ನಿನವರೆಗೆ ಶೇಕಡ 15, ಅದರ ಮೇಲೆ ಶೇಕಡ 60 ಸುಂಕ ಹಾಕುವ ಹಕ್ಕನ್ನು 2000ದ ಹೊತ್ತಿಗೆ ಮರಳಿ ಪಡೆಯಬೇಕಾಯಿತು. ಸ್ವಂತ ಕಾಯಿದೆಯ ತಪ್ಪನ್ನು ಜನ ಚಳವಳಿ ಹೂಡಿ ತಿದ್ದಬಹುದು. ಒಪ್ಪಂದದ ತಪ್ಪನ್ನು ತಿದ್ದಲು ಪರರ ಒಪ್ಪಿಗೆ ಬೇಕು, ಅದಕ್ಕೆ ಬೆಲೆಯನ್ನೂ ತೆರಬೇಕು. ಇದು ಎಲ್ಲರೂ ನೆನಪಿಡಬೇಕಾದ ಪಾಠ.

ಇಂಥ ಗಂಟನ್ನು ಹಾಕುವವರು ಯಾರು? ಸಂವಿಧಾನದಲ್ಲಿ ಕೃಷಿಯು ರಾಜ್ಯಗಳ ಪಟ್ಟಿಯಲ್ಲಿದೆ. ವಿದೇಶಗಳೊಡನೆ ಒಪ್ಪಂದ ಮಾತ್ರ ಕೇಂದ್ರದ ಅಧಿಕಾರ. ಸಹಿ ಹಾಕುವ ಮುನ್ನ ಸಂಸತ್ತಿನ ಮತ ಪಡೆಯಬೇಕೆಂಬ ಕಡ್ಡಾಯವೂ ಇಲ್ಲ. 2012ರಿಂದ 2019ರವರೆಗೆ ಏಳು ವರ್ಷ ಮಾತುಕತೆ ನಡೆಯಿತು. ಕರಡು ಗುಪ್ತವಾಗಿಯೇ ಇತ್ತು. ಕೋಟ್ಯಂತರ ಜನರ ಅನ್ನದ ವಿಷಯವನ್ನು ತೂಗುವಾಗ ತಕ್ಕಡಿ ಕೆಲವೇ ಅಧಿಕಾರಿಗಳ ಕೈಯಲ್ಲಿತ್ತು. ತೂಕಕ್ಕೆ ಬಿದ್ದವರಿಗೆ ಮುಳ್ಳು ಯಾವ ಕಡೆ ವಾಲಿದೆಯೆಂದು ನೋಡುವ ಅವಕಾಶವೂ ಇರಲಿಲ್ಲ. ಇದು ಪ್ರಜಾಪ್ರಭುತ್ವದ ರೀತಿಯಲ್ಲ.

ಹೊರಗುಳಿದ ಮಾತ್ರಕ್ಕೆ ಉದ್ಧಾರವಾದೆವೆಂದು ಬೀಗುವವರಿಗೂ ಒಂದು ಮಾತು. 2018-19ರಲ್ಲಿ ಚೀನಾದೊಡನೆ ನಮ್ಮ ವ್ಯಾಪಾರದ ಕೊರತೆ ಸುಮಾರು 54 ಶತಕೋಟಿ ಡಾಲರ್; 2024-25ರಲ್ಲಿ ಸುಮಾರು 99. ಒಪ್ಪಂದವಿಲ್ಲದೆಯೇ ಇಷ್ಟಾಯಿತು! ಸುಂಕವೆಂಬುದು ಬೇಲಿ. ಬೇಲಿಯೊಳಗೆ ಗೊಬ್ಬರ, ನೀರು, ದುಡಿಮೆ ಬೀಳದಿದ್ದರೆ ಬೆಳೆ ಬಾರದು. ಹಿಂಡಿ ಬೂಸಾದ ಬೆಲೆಗೆ ಹಿಡಿತ, ಹಳ್ಳಿಗೆ ಪಶುವೈದ್ಯ, ಸಣ್ಣ ಕಾರ್ಖಾನೆಗೆ ಸಾಲ, ಇವನ್ನು ಕೊಡದ ಸರ್ಕಾರ ಬೇಲಿಯನ್ನು ತೋರಿಸಿ ಮತ ಕೇಳುವುದು ಮೋಸ.

ನಮ್ಮ ಬೇಡಿಕೆಗಳು ಮೂರು. ಯಾವುದೇ ವ್ಯಾಪಾರ ಒಪ್ಪಂದದ ಕರಡು ಸಹಿಗೆ ಮುನ್ನ ಕನ್ನಡದಲ್ಲಿ ಪ್ರಕಟವಾಗಲಿ. ಕೃಷಿ, ಹೈನು, ರೇಷ್ಮೆಗಳಿಗೆ ಸಂಬಂಧಿಸಿದ ಭಾಗ ವಿಧಾನಸಭೆಯಲ್ಲಿ ಚರ್ಚೆಯಾಗಲಿ. ಸಂಸತ್ತಿನ ಮತವಿಲ್ಲದೆ ಸಹಿ ಬೀಳದಿರಲಿ.

ಇದು ಆಗದ ಮಾತೆಂದು ಕೈಚೆಲ್ಲಬೇಕಾಗಿಲ್ಲ. 2022ರಲ್ಲಿ ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಹಾಲಿನ ಪದಾರ್ಥಗಳನ್ನು ಹೊರಗಿಡಲಾಯಿತು. ಹಾಲಿನವರ ದನಿಗೆ ದೆಹಲಿ ಕಿವಿಗೊಡಲೇಬೇಕಾಗುತ್ತದೆಂಬುದಕ್ಕೆ ಇದೇ ಸಾಕ್ಷಿ. ಪ್ರತಿಯೊಂದು ಹಾಲಿನ ಸಂಘವೂ ಬರುವ ವಾರ್ಷಿಕ ಸಭೆಯಲ್ಲಿ ಈ ಮೂರು ಬೇಡಿಕೆಗಳ ಠರಾವನ್ನು ಅಂಗೀಕರಿಸಿ ತನ್ನ ಶಾಸಕರಿಗೂ ಸಂಸತ್ ಸದಸ್ಯರಿಗೂ ಕಳುಹಿಸಲಿ. ಡೇರಿಯಲ್ಲಿ ನಮ್ಮ ಹಾಲಿನ ಅಳತೆಯನ್ನು ಕಣ್ಣಿಟ್ಟು ನೋಡುವ ನಾವು, ನಮ್ಮ ಬದುಕಿನ ಅಳತೆಯನ್ನು ಇತರರಿಗೆ ಬಿಟ್ಟು ಕೂರಬಾರದು.