ಅನುಮಾನದ ವಿಳಾಸ

2024ರ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಸವಾರರು ಪಿರೆನೀಸ್ ಪರ್ವತದ ಪ್ಲಾಟೊ ದ ಬೇಯ್ ಏರನ್ನು ಹತ್ತಿದ ಸಂಜೆಯೇ ಗಡಿಯಾರದ ಲೆಕ್ಕಿಗರು ಕೆಲಸ ಮುಗಿಸಿದ್ದರು. ಅದೇ ಏರನ್ನು 1998ರಲ್ಲಿ ಇಟಲಿಯ ಮಾರ್ಕೊ ಪಂತಾನಿ ಹತ್ತಿದ್ದಕ್ಕಿಂತ ಮೂರು ನಿಮಿಷಕ್ಕೂ ಹೆಚ್ಚು ಬೇಗ ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ತುದಿ ಮುಟ್ಟಿದ್ದರು. ಪಂತಾನಿಯ ಆ ವರ್ಷದ ಮೂತ್ರದ ಮಾದರಿಯಲ್ಲಿ ಇಪಿಒ ಎಂಬ ರಕ್ತವರ್ಧಕ ಮದ್ದು ಇತ್ತೆಂದು ಫ್ರೆಂಚ್ ಸೆನೆಟ್‌ನ ವರದಿ 2013ರಲ್ಲಿ ಹೊರಗೆಡವಿತ್ತು. ಮದ್ದು ತೆಗೆದುಕೊಂಡವನನ್ನು ಮದ್ದಿಲ್ಲದೆ ಇಷ್ಟು ಹಿಂದೆ ಹಾಕಲು ಸಾಧ್ಯವೇ ಎಂಬ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಪೊಗಾಚಾರ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ, ಅವರ ಮೇಲೆ ಯಾವ ಸಂಸ್ಥೆಯೂ ದೋಷಾರೋಪ ಹೊರಿಸಿಲ್ಲ. ಆದರೂ ಕೇಳುವವರನ್ನು ಹೊಟ್ಟೆಕಿಚ್ಚಿನವರು ಎಂದು ತಳ್ಳಿಹಾಕುವಂತಿಲ್ಲ. ನನ್ನ ತಕರಾರು ಬೇರೆ: ಈ ಅನುಮಾನ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಸವಾರನ ಕಾಲಿನ ವೇಗವನ್ನು ಅಳೆದು ತೀರ್ಪು ಕೊಡುವ ನಾವು, ಅವನ ರಕ್ತವನ್ನು ಕಾಯಬೇಕಾದವರು ಏನು ಮಾಡುತ್ತಿದ್ದಾರೆ ಎಂದು ಕೇಳುವುದು ಕಡಿಮೆ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ತಿಳಿಯುತ್ತಾರೆ. ವೃತ್ತಿಪರ ಸೈಕ್ಲಿಂಗ್‌ನ ವಿಷಯದಲ್ಲಿ ಆ ಮರವನ್ನು ನೆಟ್ಟು ನೀರೆರೆದದ್ದೂ ಅದೇ ಆಟದವರು. 1998ರ ಜುಲೈನಲ್ಲಿ ಫೆಸ್ಟಿನಾ ತಂಡದ ಕಾರು ತುಂಬ ಮದ್ದು ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಬೆಲ್ಜಿಯಂ ಗಡಿಯಲ್ಲಿ ಫ್ರೆಂಚ್ ಸುಂಕದವರ ಕೈಗೆ. ಅದಕ್ಕೂ ಮೊದಲು, 1997ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಒಂದು ವಿಚಿತ್ರ ನಿಯಮ ತಂದಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಗಂಡಸರಲ್ಲಿ ಶೇ 50 ದಾಟಿದರೆ ಎರಡು ವಾರ ವಿಶ್ರಾಂತಿ. ಇಪಿಒ ಪತ್ತೆಗೆ ಆಗ ಪರೀಕ್ಷೆಯೇ ಇರಲಿಲ್ಲ, ಹಾಗಾಗಿ ಇದನ್ನು ಆರೋಗ್ಯದ ಮುನ್ನೆಚ್ಚರಿಕೆ ಎಂದು ಕರೆದರು. ಸಹಜವಾಗಿ 42 ಇದ್ದವನಿಗೆ ಅದು 49ರವರೆಗೆ ಏರಿಸಿಕೊಳ್ಳಲು ಕೊಟ್ಟ ಪರವಾನಗಿಯಂತಾಯಿತು. ಹುಟ್ಟಿನಿಂದಲೇ 48 ಇದ್ದವನು ನಷ್ಟ ಅನುಭವಿಸಿದ. 1996ರ ಟೂರ್ ಗೆದ್ದ ಡೆನ್ಮಾರ್ಕ್‌ನ ಬಿಯಾರ್ನೆ ರೀಸ್‌ಗೆ ಜೊತೆಗಾರರು ‘ಅರವತ್ತು ಪರ್ಸೆಂಟ್’ ಎಂದು ಅಡ್ಡಹೆಸರಿಟ್ಟಿದ್ದರು. ಅವರು ಇಪಿಒ ಬಳಸಿದ್ದನ್ನು ಒಪ್ಪಿಕೊಂಡದ್ದು 2007ರಲ್ಲಿ, ಹನ್ನೊಂದು ವರ್ಷದ ನಂತರ.

‘ಇಷ್ಟು ಸಲ ಪರೀಕ್ಷೆ ಮಾಡಿದ್ದಾರೆ, ಒಮ್ಮೆಯೂ ಸಿಕ್ಕಿಲ್ಲ’ ಎಂಬ ವಾದವನ್ನು ಹಳಸಿ ನಾರುವಷ್ಟು ಬಳಸಿದವರು ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1999ರಿಂದ 2005ರವರೆಗೆ ಏಳು ಟೂರ್ ಗೆದ್ದ ಅವರ ಬಣ್ಣ ಬಯಲಾದದ್ದು ಮೂತ್ರದ ಬಾಟಲಿಯಿಂದಲ್ಲ. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ಮುಂದೆ 26 ಮಂದಿ ಪ್ರಮಾಣ ಮಾಡಿ ನುಡಿದ ಸಾಕ್ಷ್ಯದಿಂದ; ಅವರಲ್ಲಿ 11 ಜನ ಹಳೆಯ ತಂಡದವರೇ. ಪ್ರಯೋಗಾಲಯ ಸುಮ್ಮನಿತ್ತೆಂದೂ ಅಲ್ಲ. 1999ರ ಅವರ ಮಾದರಿಗಳಲ್ಲಿ ಇಪಿಒ ಕುರುಹು ಸಿಕ್ಕಿದೆಯೆಂದು ಫ್ರಾನ್ಸ್‌ನ ‘ಲೆಕಿಪ್’ ಪತ್ರಿಕೆ 2005ರಲ್ಲೇ ಬರೆದಿತ್ತು. ಆಗ ಯುಸಿಐ ನೇಮಿಸಿದ ‘ಸ್ವತಂತ್ರ’ ತನಿಖೆಯ ವರದಿ ಆರ್ಮ್‌ಸ್ಟ್ರಾಂಗ್ ಪರವಾಗಿ ಬಂತು. ಅದರ ಕರಡು ಬರೆಯುವುದರಲ್ಲಿ ಅವರ ಕಡೆಯವರೇ ಕೈಯಾಡಿಸಿದ್ದರೆಂದು ಸೈಕ್ಲಿಂಗ್‌ನ ಮದ್ದಿನ ಇತಿಹಾಸ ಕೆದಕಿದ ವಿಚಾರಣಾ ಆಯೋಗ 2015ರಲ್ಲಿ ಹೇಳಿತು. ಸಾಲದ್ದಕ್ಕೆ ಯುಸಿಐ ಆರ್ಮ್‌ಸ್ಟ್ರಾಂಗ್ ಅವರಿಂದ ದೇಣಿಗೆ ಪಡೆದು ರಕ್ತ ಪರೀಕ್ಷೆಯ ಯಂತ್ರ ಕೊಂಡಿತ್ತು! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇಷ್ಟೆಲ್ಲ ನೋಡಿದ ಪ್ರೇಕ್ಷಕ ಇಂದಿನ ಗೆಲುವನ್ನು ನಂಬದಿದ್ದರೆ ತಪ್ಪು ಅವನದಲ್ಲ.

ಹಾಗಾದರೆ ರಕ್ತದಿಂದ ತಿಳಿಯುವುದೇನೂ ಇಲ್ಲವೇ? ಇದೆ, ಆದರೆ ಅದು ನಿಧಾನವಾಗಿ ತಿಳಿಯುವಂಥದ್ದು. 2008ರಲ್ಲಿ ಯುಸಿಐ ಜಾರಿಗೆ ತಂದ ಜೈವಿಕ ಪಾಸ್‌ಪೋರ್ಟ್ ಮದ್ದನ್ನು ಹುಡುಕುವುದಿಲ್ಲ, ಮದ್ದು ಮೈಯಲ್ಲಿ ಬಿಟ್ಟುಹೋದ ಹೆಜ್ಜೆಯನ್ನು ಹುಡುಕುತ್ತದೆ. ಮುಖ್ಯವಾಗಿ ನೋಡುವುದು ಎರಡು ಅಂಕಿಗಳನ್ನು: ಹಿಮೋಗ್ಲೋಬಿನ್ ಎಷ್ಟಿದೆ, ಮತ್ತು ಎಲುಬಿನ ಮಜ್ಜೆ ಈಗಷ್ಟೇ ಹೊರಬಿಟ್ಟ ಎಳೆಯ ಕೆಂಪು ಕಣಗಳ ಪ್ರಮಾಣ ಎಷ್ಟು. ಇಪಿಒ ಚುಚ್ಚಿಕೊಂಡರೆ ಎಳೆಯ ಕಣಗಳು ಹೆಚ್ಚುತ್ತವೆ. ಮೊದಲೇ ತೆಗೆದಿಟ್ಟ ಸ್ವಂತ ರಕ್ತವನ್ನು ಮತ್ತೆ ಏರಿಸಿಕೊಂಡರೆ, ಬೇಕಾದಷ್ಟು ರಕ್ತ ಇದೆಯಲ್ಲ ಎಂದುಕೊಂಡ ಮಜ್ಜೆ ಕೈಕಟ್ಟಿ ಕೂರುತ್ತದೆ. ಎಳೆಯ ಕಣಗಳು ಕುಸಿಯುತ್ತವೆ. ಮೂರು ವಾರ ದಿನವೂ ಬೆಟ್ಟ ಹತ್ತುವವನ ರಕ್ತದಲ್ಲಿ ದ್ರವದ ಅಂಶ ಹೆಚ್ಚಿ ಹಿಮೋಗ್ಲೋಬಿನ್ ಇಳಿಯುವುದು ಸಹಜ. ನಿವೃತ್ತಿಯಿಂದ ಮರಳಿದ ಆರ್ಮ್‌ಸ್ಟ್ರಾಂಗ್ ಅವರ 2009ರ ಟೂರ್‌ನ ರಕ್ತ ಹಾಗೆ ವರ್ತಿಸಲಿಲ್ಲ, ಎಳೆಯ ಕಣಗಳೂ ವಿಪರೀತ ಕಡಿಮೆಯಿದ್ದವು. 2009 ಮತ್ತು 2010ರ ಆ ಅಂಕಿಗಳು ಸಹಜವಾಗಿ ಬರುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ಸಂಸ್ಥೆಯ ತಜ್ಞರು ಹೇಳಿದರು. ಅವೇ ಅಂಕಿಗಳು ಯುಸಿಐ ಕಡತದಲ್ಲೂ ಇದ್ದವು, ಪ್ರಕರಣ ಮಾತ್ರ ಹುಟ್ಟಲಿಲ್ಲ.

ಹಾಗಿದ್ದರೆ ಎಲ್ಲರ ರಕ್ತದ ಅಂಕಿಗಳನ್ನೂ ಊರಿಗೆಲ್ಲ ಕಾಣುವಂತೆ ಪ್ರಕಟಿಸಿಬಿಡಿ ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ. ಅಂಥದ್ದೊಂದು ಆಕಸ್ಮಿಕವಾಗಿ ನಡೆದೂ ಹೋಗಿದೆ. 2010ರ ಟೂರ್‌ನ 198 ಸವಾರರಿಗೆ ಯಾರ ಮೇಲೆ ಎಷ್ಟು ನಿಗಾ ಬೇಕೆಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟಿದ್ದ ಯುಸಿಐನ ಗುಟ್ಟಿನ ಪಟ್ಟಿ 2011ರ ಮೇ ತಿಂಗಳಲ್ಲಿ ‘ಲೆಕಿಪ್’ನಲ್ಲಿ ಅಚ್ಚಾಯಿತು. ಅದರಲ್ಲಿ ಆರ್ಮ್‌ಸ್ಟ್ರಾಂಗ್‌ಗೆ ಸಿಕ್ಕಿದ್ದು ಬರೀ ನಾಲ್ಕು. ಅವರಿಗಿಂತ ಹೆಚ್ಚು ಅಂಕ ಪಡೆದವರೆಲ್ಲ ಒಂದೇ ಬೆಳಗಿನಲ್ಲಿ ವಿಚಾರಣೆಯಿಲ್ಲದೆ ಕಳಂಕಿತರಾದರು. ಕೊಲಂಬಿಯಾದ ಎತ್ತರದ ನಾಡಿನಲ್ಲಿ ಹುಟ್ಟಿ ಬೆಳೆದ ಸೆರ್ಗಿಯೊ ಎನಾವೊ ಅವರ ರಕ್ತದ ಬಗ್ಗೆ 2014ರಲ್ಲಿ ಪ್ರಶ್ನೆ ಎದ್ದು ತಂಡವೇ ಅವರನ್ನು ಪಂದ್ಯದಿಂದ ಹಿಂದಕ್ಕೆ ಕರೆಸಿಕೊಂಡಿತು. 2016ರಲ್ಲಿ ಮತ್ತೆ ಅದೇ ಪ್ರಶ್ನೆ, ಕೊನೆಗೆ ಯುಸಿಐ ಕಡತ ಮುಚ್ಚಿತು. ಎತ್ತರ, ನಿರ್ಜಲತೆ, ಕಾಯಿಲೆ, ಮಾದರಿ ಸಾಗಿಸಿದ ತಾಪಮಾನ, ಎಲ್ಲವೂ ಈ ಅಂಕಿಗಳನ್ನು ಅಲುಗಿಸಬಲ್ಲವು. ಶೇ 99ರಷ್ಟು ಖಚಿತವೆನ್ನುವ ಗಣಿತವೂ ಸಾವಿರ ನಿರಪರಾಧಿಗಳ ಮೇಲೆ ಪ್ರಯೋಗಿಸಿದರೆ ಹತ್ತು ಜನರತ್ತ ಬೆರಳು ತೋರಿಸುತ್ತದೆ. ಅದಕ್ಕೇ ಹೆಸರು ತಿಳಿಯದಂತೆ ಮೂವರು ತಜ್ಞರು ಕಡತ ನೋಡಿ, ಮೂವರೂ ಒಮ್ಮತಕ್ಕೆ ಬಂದ ಮೇಲೆಯೇ ಪ್ರಕರಣ ಮುಂದುವರಿಯುವ ಪದ್ಧತಿ ಇರುವುದು. ರಕ್ತವನ್ನು ಸಂತೆಯಲ್ಲಿ ಹರವಿದರೆ ಈ ಎಚ್ಚರ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕೆ ತದ್ವಿರುದ್ಧ, ಮತ್ತು ಹೆಚ್ಚು ಗಟ್ಟಿಯಾದದ್ದು: ಈ ಪಾಸ್‌ಪೋರ್ಟ್ ಹಲ್ಲಿಲ್ಲದ ಹಾವು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಮಂದಿಗೆ ಹನ್ನೆರಡು ವಾರದವರೆಗೆ ಸಣ್ಣ ಸಣ್ಣ ಪ್ರಮಾಣದಲ್ಲಿ ಇಪಿಒ ಕೊಟ್ಟರು. ಅವರ ಮೈಯ ಒಟ್ಟು ಹಿಮೋಗ್ಲೋಬಿನ್ ಸುಮಾರು ಶೇ 10ರಷ್ಟು ಏರಿತು, ಎರಡು ಚೀಲ ರಕ್ತ ಏರಿಸಿದಷ್ಟು. ಪಾಸ್‌ಪೋರ್ಟ್ ಒಬ್ಬರನ್ನೂ ಹಿಡಿಯಲಿಲ್ಲ. 2019ರಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ಪೊಲೀಸರು ಸ್ಕೀಯಿಂಗ್ ವಿಶ್ವಕೂಟದ ಮೇಲೆ ದಾಳಿ ಮಾಡಿದಾಗ, ಜರ್ಮನಿಯ ಎರ್ಫುರ್ಟ್‌ನ ವೈದ್ಯನೊಬ್ಬನ ರಕ್ತದ ವ್ಯವಹಾರ ಬಯಲಿಗೆ ಬಂತು. ಆಸ್ಟ್ರಿಯಾದ ಸೈಕಲ್ ಸವಾರರಾದ ಸ್ಟೆಫಾನ್ ಡೆನಿಫ್ಲ್ ಮತ್ತು ಗಿಯೋರ್ಗ್ ಪ್ರೈಡ್ಲರ್ ತಪ್ಪೊಪ್ಪಿಕೊಂಡದ್ದು ಆ ನಂತರ. ಮತ್ತೆ ಹಿಡಿದದ್ದು ಪೊಲೀಸರೇ. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ಪಾಸ್‌ಪೋರ್ಟ್ ಬಂದ ಮೇಲೆ ವಿಪರೀತದ ಅಂಕಿಗಳು ಕಡಿಮೆಯಾದದ್ದು ಯುಸಿಐ ದಾಖಲೆಗಳಲ್ಲೇ ಕಾಣುತ್ತದೆ. ಅರವತ್ತು ಪರ್ಸೆಂಟಿನ ಕಾಲ ಹೋಗಿದೆ, ಕದಿಯಲು ಉಳಿದಿರುವ ಅಂತರ ಕಿರಿದಾಗಿದೆ. ಗೆಲುವು ಸೋಲು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನವಾಗುವ ಆಟದಲ್ಲಿ ಆ ಕಿರಿದೂ ದೊಡ್ಡದೇ, ನಿಜ.

ಗಡಿಯಾರಕ್ಕೆ ಬರೋಣ. 1998ಕ್ಕೂ ಇಂದಿಗೂ ಸೈಕಲ್ಲಿನ ತೂಕ, ಟಯರು, ಗಾಳಿ ಸೀಳುವ ಭಂಗಿ ಬದಲಾಗಿವೆ. ಗಂಟೆಗೆ ನೂರು ಗ್ರಾಂಗೂ ಮಿಕ್ಕಿ ಸಕ್ಕರೆ ಅರಗಿಸಿಕೊಳ್ಳಲು ಸವಾರರ ಹೊಟ್ಟೆಯನ್ನು ಪಳಗಿಸುತ್ತಾರೆ. ಏರಿನ ಬುಡದವರೆಗೆ ತಂಡ ಹೇಗೆ ಎಳೆಯಿತು, ಗಾಳಿ ಎತ್ತ ಬೀಸಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲ ಸೇರಿ ಮೂರು ನಿಮಿಷವನ್ನು ಪೂರ್ತಿ ತುಂಬುತ್ತವೆಂದು ನಾನು ಪ್ರಮಾಣ ಮಾಡಲಾರೆ, ತುಂಬುವುದಿಲ್ಲವೆಂದು ಪ್ರಮಾಣ ಮಾಡುವವರನ್ನೂ ನಂಬಲಾರೆ. ಕೇಳಿದರೆ ಉತ್ತರ ಸಿಗುವಂಥ ಪ್ರಶ್ನೆಗಳು ಬೇರೆ ಕಡೆ ಇವೆ. ಎತ್ತರದ ತರಬೇತಿಯ ಫಲ ಅಳೆಯಲು ಪ್ರಮುಖ ತಂಡಗಳು ಕಾರ್ಬನ್ ಮೊನಾಕ್ಸೈಡ್ ಉಸಿರಾಡಿಸುತ್ತಿದ್ದ ವಿಷಯ 2024ರ ಟೂರ್ ನಡುವೆ ಪತ್ರಕರ್ತರಿಂದ ಹೊರಬಂತು. ಅಳತೆಗೆ ಅಷ್ಟೇ ಎಂದು ತಂಡಗಳು ಹೇಳಿದವು. ಆದರೆ ಅದೇ ಅನಿಲವನ್ನು ಪದೇ ಪದೇ ಸೇವಿಸಿದರೆ ಹಿಮೋಗ್ಲೋಬಿನ್ ಹೆಚ್ಚಬಹುದು. ಕೇಳಿದವರಿದ್ದರು, ಹಾಗಾಗಿ ಯುಸಿಐ 2025ರ ಫೆಬ್ರುವರಿಯಲ್ಲಿ ಅದರ ಪುನರಾವರ್ತಿತ ಬಳಕೆಯನ್ನು ನಿಷೇಧಿಸಿತು. ಸರಿಯಾದ ವಿಳಾಸಕ್ಕೆ ಹೋದ ಅನುಮಾನ ಸುಮಾರು ಏಳು ತಿಂಗಳಲ್ಲಿ ನಿಯಮವಾಯಿತು.

ವಿಳಾಸ ತಪ್ಪಿದರೆ ಏನಾಗುತ್ತದೆಂಬುದು ಮ್ಯಾಡ್ರಿಡ್‌ನಲ್ಲಿದೆ. 2006ರಲ್ಲಿ ಸ್ಪೇನ್ ಪೊಲೀಸರು ಯುಫೆಮಿಯಾನೊ ಫುಯೆಂತೆಸ್ ಎಂಬ ವೈದ್ಯರ ಬಳಿಯಿಂದ ಗುಪ್ತ ಹೆಸರು ಬರೆದ ರಕ್ತದ ಚೀಲಗಳನ್ನು ವಶಪಡಿಸಿಕೊಂಡರು. ಅವನ್ನು ನಾಶ ಮಾಡಿ ಎಂದು 2013ರಲ್ಲಿ ನ್ಯಾಯಾಲಯ ಆದೇಶಿಸಿತು. 2016ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿ ಕ್ರೀಡಾ ಸಂಸ್ಥೆಗಳಿಗೆ ಕೊಡಿ ಎಂದಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದು ಕ್ರಮ ಜರುಗಿಸುವ ಅವಧಿ ತೀರಿತ್ತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 11 ಕ್ರೀಡಾಪಟುಗಳನ್ನು ಗುರುತಿಸಿತು, ಹೆಸರು ಮಾತ್ರ ಹೇಳಲಿಲ್ಲ. ಆ ವರ್ಷಗಳಲ್ಲಿ ಮದ್ದು ಮುಟ್ಟದೆ ಪೆಡಲ್ ತುಳಿದವರು ಇಂದಿಗೂ ಅದೇ ಹನ್ನೊಂದರ ನೆರಳಿನಲ್ಲಿ ನಿಂತಿದ್ದಾರೆ.