ಚಾಪ್ಮನ್‌ಗೆ ಸಿಕ್ಕ ಮೆಟ್ಟಿಲು ನಮ್ಮ ತಾಲೂಕಿನ ಹುಡುಗರಿಗೆ ಯಾಕಿಲ್ಲ?

ಕಾರ್ಲ್ಟನ್ ಚಾಪ್ಮನ್. ಈ ಹೆಸರು ಕೇಳಿದ್ದೀರಾ? ಬೈಚುಂಗ್ ಭುಟಿಯಾ, ಸುನಿಲ್ ಛೆಟ್ರಿ ಗೊತ್ತು ಅನ್ನುವವರು ಆಳಂದ, ಅಫಜಲಪುರ, ಜೇವರ್ಗಿಯಲ್ಲೂ ಸಿಗುತ್ತಾರೆ. ಆದರೆ ಬೆಂಗಳೂರಲ್ಲೇ ಹುಟ್ಟಿ, ಭಾರತ ಫುಟ್ಬಾಲ್ ತಂಡದ ನಾಯಕರೂ ಆಗಿದ್ದ ಚಾಪ್ಮನ್ ಹೆಸರು ಕೇಳಿದವರು ಬಹಳ ಕಡಿಮೆ.

ಅದಕ್ಕೆ ಒಂದು ಕಾರಣ ಅವರು ಆಡುತ್ತಿದ್ದ ಜಾಗ. ಅವರು ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುವೆ ನಿಂತು, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುವವರು. 90 ನಿಮಿಷದ ಆಟದಲ್ಲಿ ಇಂಥ ಆಟಗಾರ ಸುಮಾರು 10 ಕಿಲೋಮೀಟರ್ ಓಡುತ್ತಾನೆ. ಗೋಲು ಹೊಡೆದವನ ಫೋಟೊ ಪೇಪರ್‌ನಲ್ಲಿ ಬರುತ್ತದೆ, ಚೆಂಡು ಕೊಟ್ಟವನದ್ದು ಬರುವುದಿಲ್ಲ. ಹೊಲದಲ್ಲಿ ದುಡಿಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಚಾಪ್ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಹುಡುಗನಾಗಿದ್ದಾಗಲೇ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತಿ ಸಿಕ್ಕಿತು. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಶುರುವಾದ ಆ ಅಕಾಡೆಮಿಯಲ್ಲಿ ಊಟ, ವಸತಿ, ಓದು, ಆಟ ಎಲ್ಲವೂ ಒಂದೇ ಕಡೆ.

ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಚಾಪ್ಮನ್ ಅವರದೇ. 1995ರಲ್ಲಿ ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ಸ್ ತಂಡ ಸೇರಿದರು. ಅದು ಬಟ್ಟೆ ಗಿರಣಿಯ ತಂಡ. ಕಲಬುರಗಿಯ ಎಂಎಸ್‌ಕೆ ಮಿಲ್ ನೆನಪಿರುವ ಹಿರಿಯರಿಗೆ ಗಿರಣಿ ಅಂದರೆ ಒಂದು ಊರಿಗೆ ಏನು ಅನ್ನುವುದು ಗೊತ್ತು. ಐ.ಎಂ. ವಿಜಯನ್, ಭುಟಿಯಾ ಮುಂದೆ, ಚಾಪ್ಮನ್ ನಡುವೆ. 1996-97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್ ಜೆಸಿಟಿ ಪಾಲಾಯಿತು. 1997ರಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲೂ ಚಾಪ್ಮನ್ ಇದ್ದರು. ಆಮೇಲೆ ಎಫ್‌ಸಿ ಕೊಚ್ಚಿನ್‌ನಲ್ಲಿ ಒಂದು ಋತು ಆಡಿ, 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲೇ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. 2001ರಲ್ಲಿ ವೃತ್ತಿ ಆಟ ಬಿಟ್ಟು ತರಬೇತುದಾರರಾದರು. 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಬರೀ 49.

ಇದನ್ನೆಲ್ಲ ನಮ್ಮ ತಾಲೂಕುಗಳ ಓದುಗರಿಗೆ ಯಾಕೆ ಹೇಳುತ್ತಿದ್ದೇವೆ? ಚಾಪ್ಮನ್ ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿಯಾದ ವಯಸ್ಸಿಗೆ ಸರಿಯಾದ ಮೆಟ್ಟಿಲು ಕಾಲಿಗೆ ಸಿಗುತ್ತಾ ಹೋಯಿತು. ಮೊದಲು ತರಬೇತಿ ಕೇಂದ್ರ, ಆಮೇಲೆ ವಸತಿ ಅಕಾಡೆಮಿ, ಆಮೇಲೆ ಸಂಬಳ ಕೊಡುವ ಕ್ಲಬ್. ಇದರಲ್ಲಿ ಒಂದು ತಪ್ಪಿದ್ದರೂ ಅವರು ಬೆಂಗಳೂರಿನ ಯಾವುದೋ ಗಲ್ಲಿಯ ಒಳ್ಳೆ ಆಟಗಾರರಾಗಿ ಉಳಿಯುತ್ತಿದ್ದರೇನೋ.

ನಮ್ಮಲ್ಲಿ ತಪ್ಪಿರುವುದು ಆ ಮೆಟ್ಟಿಲೇ. ಪ್ರತಿ ವರ್ಷ ತಾಲೂಕು ಕ್ರೀಡಾಕೂಟದ ಸುದ್ದಿ ಮಾಡಲು ಹೋಗುತ್ತೇವೆ. ಬರಿಗಾಲಲ್ಲಿ ಓಡಿ ಮೊದಲು ಬರುವ ಹುಡುಗರನ್ನು, ಹುಡುಗಿಯರನ್ನು ನೋಡುತ್ತೇವೆ. ಕೈಗೊಂದು ಪ್ರಮಾಣಪತ್ರ, ಕೊರಳಿಗೊಂದು ಪದಕ. ಎಷ್ಟೋ ಸಲ ಮುಂದಿನ ವರ್ಷ ಅದೇ ಹುಡುಗನನ್ನು ಕೇಳಿದರೆ, ಅಪ್ಪ ಅವ್ವನ ಜೊತೆ ಪುಣೆಗೋ ಮುಂಬೈಗೋ ದುಡಿಯಲು ಹೋಗಿದ್ದಾನೆ ಅನ್ನುತ್ತಾರೆ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಲ್ಲ. ಮೈದಾನವೆಂದರೆ ಬೇಸಿಗೆಯಲ್ಲಿ ಬಿರುಕು ಬಿಡುವ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣು. ಆ ನೆಲದಲ್ಲಿ ಫುಟ್ಬಾಲ್ ಉರುಳುವುದು ಹೇಗೆ?

ರಾಜ್ಯಕ್ಕೆ ಶಕ್ತಿ ಇಲ್ಲವೆಂದಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲು ಗೆದ್ದದ್ದು ಮೈಸೂರು ರಾಜ್ಯವೆಂಬ ಹೆಸರಿದ್ದಾಗ, 1968-69ರಲ್ಲಿ. ಆದರೆ ರಾಜ್ಯದ ದೊಡ್ಡ ಲೀಗ್ ಪಂದ್ಯಗಳು ಇಂದಿಗೂ ನಡೆಯುವುದು ಬೆಂಗಳೂರಿನಲ್ಲಿ. ಅಫಜಲಪುರದ ಹುಡುಗನಿಗೆ ಕಲಬುರಗಿಯ ಕ್ರೀಡಾಂಗಣವೇ ದೂರ, ಬೆಂಗಳೂರಿನ ಮಾತು ಬಿಡಿ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?" ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳಬಹುದು. ತೊಗರಿಗೆ ದರ ಸಿಗದಿರುವಾಗ ಚೆಂಡಿನ ಮಾತು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆಟದ ಬದುಕು ಚಿಕ್ಕದು ಅನ್ನುವುದೂ ನಿಜ: ಚಾಪ್ಮನ್ ಅವರಂಥವರೇ 30ಕ್ಕೆ ವೃತ್ತಿ ಮುಗಿಸಿದರು. ಅವರು ಆಡಿದ ಜೆಸಿಟಿ ತಂಡವೂ 2011ರಲ್ಲಿ ಮುಚ್ಚಿತು. ಅದಕ್ಕೇ ನಾವು ಹೇಳುವುದು, ಓದು ಬಿಡಿಸಿ ಆಡಿಸಬೇಡಿ, ಓದಿನ ಜೊತೆ ಆಡಿಸಿ. ಆಟದ ಆಸೆಗೆ ಇನ್ನೆರಡು ವರ್ಷ ಶಾಲೆಯಲ್ಲಿ ಉಳಿದ ಹುಡುಗ ದೊಡ್ಡ ಆಟಗಾರನಾಗದಿದ್ದರೂ ಹತ್ತನೇ ತರಗತಿ ಮುಗಿಸುತ್ತಾನೆ. ಪೊಲೀಸ್, ಸೇನೆ, ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ. ಅದಕ್ಕೂ ಓದು ಬೇಕು, ಆಟವೂ ಬೇಕು.

ದುಡ್ಡಿಲ್ಲ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ ಘೋಷಿಸಿದ್ದೇ 5,000 ಕೋಟಿ ರೂಪಾಯಿ. ಕಟ್ಟಡ, ಕಾಂಪೌಂಡ್ ಕಟ್ಟಿದರೆ ಗುತ್ತಿಗೆದಾರರಿಗೆ ಕೆಲಸ ಸಿಗುತ್ತದೆ. ಮಕ್ಕಳಿಗೆ ಬೇಕಾಗಿರುವುದು ದಿನಾ ಸಂಜೆ ಮೈದಾನಕ್ಕೆ ಬರುವ ಒಬ್ಬ ತರಬೇತುದಾರ. ಮೂರು ತಾಲೂಕಿಗೆ ತಲಾ ಒಬ್ಬರು ಸಾಕು, ಶುರು ಮಾಡೋಣ.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿ, ನೀರಿನ ಜೊತೆ ಮೂರು ಪ್ರಶ್ನೆ ಕೇಳಿ. ನಮ್ಮೂರಿನ ಆಟದ ಮೈದಾನ ಪಂಚಾಯಿತಿ ದಾಖಲೆಯಲ್ಲಿ ಇದೆಯಾ? ಇದ್ದರೆ ಅದರ ಅಳತೆ ಎಷ್ಟು, ಈಗ ಯಾರ ಕೈಯಲ್ಲಿದೆ? ಶಾಲೆಗೆ ದೈಹಿಕ ಶಿಕ್ಷಕರು ಯಾವಾಗ ಬರುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೊ ತೆಗೆದು ನಮಗೆ ಕಳಿಸಿ. ಸುದ್ದಿ ಮಾಡುವ ಕೆಲಸ ನಮ್ಮದು.